ಮೊದಲ ದಿನ ಯಾರದು?

ಶಾಲೆ ಶುರುವಾಗುವ ದಿನ ಏನೇನು ಆಗಬೇಕೆಂದು ನಮ್ಮಲ್ಲಿ ಬಹಳ ಜನ ಮೊದಲೇ ಯೋಚಿಸಿರುತ್ತಾರೆ. ಇಲಾಖೆ ಯೋಚಿಸಿರುತ್ತದೆ, ಅದರ ಸುತ್ತೋಲೆ ಮೇ ತಿಂಗಳ ಕೊನೆಯ ಹೊತ್ತಿಗೆ ಬಂದು ತಲುಪುತ್ತದೆ. ಎಸ್‌ಡಿಎಂಸಿ ಅಧ್ಯಕ್ಷರು ಯೋಚಿಸಿರುತ್ತಾರೆ. ಯಾರ ಕೈಯಿಂದ ಪುಸ್ತಕ ಕೊಡಿಸಬೇಕು, ಯಾರನ್ನು ಕರೆಯದಿದ್ದರೆ ಯಾರಿಗೆ ಸಿಟ್ಟು ಬರುತ್ತದೆ ಎಂಬ ಲೆಕ್ಕ ಅವರಲ್ಲಿರುತ್ತದೆ. ಬಿಸಿಯೂಟದ ಅಡುಗೆಯವರು ಯೋಚಿಸಿರುತ್ತಾರೆ. ಅವತ್ತು ಸಿಹಿ ಮಾಡಲೇಬೇಕು, ಬೆಲ್ಲ ಎಷ್ಟು ಬೇಕು ಎಂದು. ಪತ್ರಿಕೆಯ ವರದಿಗಾರನೂ ಯೋಚಿಸಿರುತ್ತಾನೆ. ಚಕ್ಕಡಿಯಲ್ಲಿ ಮಕ್ಕಳನ್ನು ಕೂಡಿಸಿ ಮೆರವಣಿಗೆ ತೆಗೆದರೆ ಫೋಟೋ ಚೆನ್ನಾಗಿ ಬರುತ್ತದೆ. ಆರು ವರ್ಷದ ಒಂದು ಮಗು ಅವತ್ತು ಬೆಳಿಗ್ಗೆಯಿಂದ ಸಂಜೆಯ ತನಕ ಆ ಕೋಣೆಯಲ್ಲಿ ಏನು ಮಾಡುತ್ತದೆ ಎಂದು ಯೋಚಿಸಬೇಕಾದವಳು ಒಬ್ಬಳೇ, ಒಂದನೆಯ ತರಗತಿಯ ಶಿಕ್ಷಕಿ. ಆಕೆಗೆ ಹಾಗೆ ಯೋಚಿಸಲು ಪುರಸತ್ತೇ ಸಿಗದಂತೆ ಮೇಲಿನವರೆಲ್ಲ ಸೇರಿ ನೋಡಿಕೊಳ್ಳುತ್ತಾರೆ.

ಗದಗ ಜಿಲ್ಲೆಯ ಹಳ್ಳಿಗಳಲ್ಲಿ ನಾನು ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದೆ. ಅದರಲ್ಲಿ ಹೆಚ್ಚಿನ ಕಾಲ ಸಣ್ಣ ಮಕ್ಕಳ ಕೋಣೆಯಲ್ಲೇ ಕಳೆಯಿತು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಅಕ್ಕೋರಾಗಿ ಬಾಳಿದ್ದರಿಂದ ನನಗೆ ಬಂದಿರುವ ನಂಬಿಕೆ ಒಂದುಂಟು. ಮಗು ಓದುತ್ತದೋ ಇಲ್ಲವೋ ಎಂಬುದು ಪರೀಕ್ಷೆಯ ದಿನ ತೀರ್ಮಾನವಾಗುವುದಿಲ್ಲ. ಬಹಳ ಮಕ್ಕಳ ಮಟ್ಟಿಗೆ ಅದು ಮೊದಲ ದಿನ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ತೀರ್ಮಾನವಾಗಿಬಿಡುತ್ತದೆ. ಹೀಗಿರುವಾಗ ಆ ದಿನವನ್ನು ಉತ್ಸವಕ್ಕೆ, ಕಾಗದಪತ್ರಕ್ಕೆ, ಪರೀಕ್ಷೆಗೆ ಹಂಚಿಕೊಟ್ಟು ಉಳಿದ ಚೂರನ್ನು ಮಗುವಿಗೆ ಕೊಡುವ ನಮ್ಮ ಪದ್ಧತಿ ತಪ್ಪು. ಅದನ್ನು ನಿಲ್ಲಿಸಬೇಕು. ಈ ಮಾತು ಕೆಲವರಿಗೆ ರುಚಿಸುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮೊದಲು ಉತ್ಸವದ ಮಾತು. ಶಾಲಾ ಪ್ರಾರಂಭೋತ್ಸವದ ಹಿಂದಿರುವ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮನೆಯಲ್ಲುಳಿದ ಮಕ್ಕಳು ಬರಬೇಕು, ಸರಕಾರಿ ಶಾಲೆ ನಮ್ಮದು ಎಂದು ಊರಿಗೆ ಅನ್ನಿಸಬೇಕು ಎಂಬ ಆಸೆ ಅದರಲ್ಲಿದೆ. ಮಾವಿನ ತೋರಣ, ಬಾಳೆಕಂಬ, ರಂಗೋಲಿ ಯಾರಿಗೆ ಬೇಡ? ಆದರೆ ಹಬ್ಬದ ಮನೆಯಲ್ಲಿ ಕೂಸಿನ ಪಾಡು ಏನಾಗಿರುತ್ತದೆಂದು ಮಕ್ಕಳಿದ್ದವರಿಗೆಲ್ಲ ಗೊತ್ತು. ದೊಡ್ಡವರು ಗಡಿಬಿಡಿಯಲ್ಲಿರುತ್ತಾರೆ. ಅದಕ್ಕೆ ಹಸಿವಾದದ್ದು, ನಿದ್ದೆ ಬಂದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಉತ್ಸವದಲ್ಲೂ ಅದೇ ಆಗುತ್ತದೆ.

ಒಂದು ವರ್ಷ ನಾನಿದ್ದ ಶಾಲೆಗೆ ಹತ್ತೂವರೆಗೆ ಬರಬೇಕಿದ್ದ ಅತಿಥಿಗಳು ಹನ್ನೆರಡೂಕಾಲಿಗೆ ಬಂದರು. ಅಲ್ಲಿಯ ತನಕ ಹೊಸ ಮಕ್ಕಳು ಕೈಯಲ್ಲಿ ಒಂದೊಂದು ಗುಲಾಬಿ ಹಿಡಿದು ಮೊದಲ ಸಾಲಿನಲ್ಲಿ ಕೂತಿದ್ದರು. ಏಳುವ ಹಾಗಿಲ್ಲ, ಎದ್ದರೆ ಸಾಲು ಕೆಡುತ್ತದೆ. ಭಾಷಣದ ನಡುವೆ ಒಬ್ಬ ಹುಡುಗಿ ಕೂತಲ್ಲೇ ಉಚ್ಚೆ ಹೊಯ್ದುಕೊಂಡಳು. ಅಕ್ಕಪಕ್ಕದವರು ನಕ್ಕರು. ಭಾಷಣ ನಿಲ್ಲಲಿಲ್ಲ. ನನ್ನನ್ನು ನಿರೂಪಣೆಗೆಂದು ಮೈಕಿನ ಹತ್ತಿರ ನಿಲ್ಲಿಸಿದ್ದರು. ಆ ಹುಡುಗಿಯನ್ನು ಎತ್ತಿಕೊಂಡು ಒಳಗೆ ಹೋಗಿ ತೊಳೆದು ಒರೆಸಿದವಳು ಅಡುಗೆಯಾಕೆ. ಆ ಮಗು ಮತ್ತೆ ಶಾಲೆಗೆ ಬಂದದ್ದು ನಾಗರಪಂಚಮಿ ಮುಗಿದ ಮೇಲೆ, ಅದೂ ನಾನು ಎಂಟು ಸಲ ಅವರ ಮನೆಯ ಕಟ್ಟೆಯ ಮೇಲೆ ಕೂತು ಬಂದ ನಂತರ. ಉತ್ಸವದ ಮರುದಿನ ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ಆಕೆ ಗುಲಾಬಿ ಹಿಡಿದು ಕೂತಿದ್ದಾಳೆ. ಇಲಾಖೆಯ ಲೆಕ್ಕದಲ್ಲಿ ಆಕೆ ದಾಖಲಾದವಳು, ಸ್ವಾಗತಿಸಲ್ಪಟ್ಟವಳು.

ಉತ್ಸವ ಮುಗಿದರೆ ಕಾಗದಪತ್ರ. ಆಧಾರ್ ಎಲ್ಲಿ, ಜನನ ಪ್ರಮಾಣಪತ್ರ ಎಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿನ ಜೆರಾಕ್ಸ್ ಎಲ್ಲಿ, ಫೋಟೋ ಎಷ್ಟು ತಂದಿರಿ. ಇವೆಲ್ಲ ಬೇಡವೆಂದಲ್ಲ, ವಿದ್ಯಾರ್ಥಿವೇತನಕ್ಕೆ, ಗಣಕದಲ್ಲಿ ಹೆಸರು ಏರಿಸುವುದಕ್ಕೆ ಅವು ಬೇಕಾಗುತ್ತವೆ. ಆದರೆ ಅವು ಮೊದಲ ದಿನವೇ ಏಕೆ ಬೇಕು? 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 14ನೆಯ ಕಲಮು, ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಹಾಗಿದ್ದೂ ಕೂಲಿ ಬಿಟ್ಟು ಬಂದ ತಾಯಿ ಶಿಕ್ಷಕಿಯ ಮೇಜಿನ ಮುಂದೆ ತಪ್ಪಿತಸ್ಥಳಂತೆ ನಿಂತಿರುತ್ತಾಳೆ. ಶಿಕ್ಷಕಿ ತಲೆ ತಗ್ಗಿಸಿ ಬರೆಯುತ್ತಿರುತ್ತಾಳೆ. ಮಗು ತಾಯಿಯ ಸೆರಗು ಹಿಡಿದು ಇಬ್ಬರನ್ನೂ ನೋಡುತ್ತಿರುತ್ತದೆ. ಶಾಲೆಯ ಬಗ್ಗೆ ಅದು ಕಲಿಯುವ ಮೊದಲ ಪಾಠ ಏನೆಂದರೆ, ಇಲ್ಲಿ ನಮ್ಮವ್ವನೂ ಹೆದರುತ್ತಾಳೆ.

ಮೂರನೆಯದು ಪರೀಕ್ಷೆ. ಮೇಲಿನ ತರಗತಿಗಳಿಗೆ ವರ್ಷದ ಆರಂಭದಲ್ಲಿ ಸೇತುಬಂಧ ಎಂಬುದಿದೆ. ಹಿಂದಿನ ವರ್ಷದ್ದು ಎಷ್ಟು ನೆನಪಿದೆ ಎಂದು ನೋಡಿ, ಬಾರದ್ದನ್ನು ಕಲಿಸಿ, ಆಮೇಲೆ ಹೊಸ ಪಾಠಕ್ಕೆ ಹೋಗಬೇಕು. ವಿಚಾರ ಒಳ್ಳೆಯದೇ. ಅದಕ್ಕೆ ಇಟ್ಟ ಹೆಸರು ಕೂಡ ಚೆಂದ. ಆದರೆ ಅದು ಶಾಲೆಗೆ ಬರುವ ಹೊತ್ತಿಗೆ ಏನಾಗುತ್ತದೆ ಎಂದರೆ, ಎರಡು ತಿಂಗಳು ಬಯಲಲ್ಲಿ ಆಡಿ, ಅಜ್ಜಿಯ ಊರಿಗೆ ಹೋಗಿ, ಬಾವಿಯಲ್ಲಿ ಈಜಿ ಬಂದ ಹುಡುಗನ ಮುಂದೆ ಮೊದಲನೆಯ ಕೆಲಸವಾಗಿ ಒಂದು ಪ್ರಶ್ನೆಪತ್ರಿಕೆ ಇಡುತ್ತೇವೆ. ಈ ಎರಡು ತಿಂಗಳಲ್ಲಿ ಅವನು ಕಲಿತದ್ದರ ಬಗ್ಗೆ ಅದರಲ್ಲಿ ಒಂದು ಪ್ರಶ್ನೆಯೂ ಇರುವುದಿಲ್ಲ. ಮರೆತದ್ದರ ಬಗ್ಗೆ ಮಾತ್ರ ಇರುತ್ತದೆ. ಅಳೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಬಂದವನಿಗೆ ಕೂಡ್ರಲು ಹೇಳಿ, ನೀರು ಕೊಟ್ಟು, ಆಮೇಲೆ ಬಾಕಿ ಕೇಳುವುದು ನಮ್ಮ ಹಳ್ಳಿಯ ಸಾಲ ಕೊಟ್ಟ ಸಾವಕಾರನಿಗೂ ಗೊತ್ತಿರುವ ರೀತಿ.

ಇಲಾಖೆಯನ್ನಷ್ಟೇ ದೂರಿದರೆ ನನ್ನ ಮಾತು ಅರ್ಧ ಸತ್ಯವಾಗುತ್ತದೆ. ಮೊದಲ ದಿನವನ್ನು ಕೆಡಿಸುವುದರಲ್ಲಿ ಮನೆಯವರ ಪಾಲೂ ಇದೆ, ಅವರ ಕೆಲಸ ಬಹಳ ಮುಂಚೆಯೇ ಆರಂಭವಾಗಿರುತ್ತದೆ. ಕೂಸು ನಾಲ್ಕು ವರ್ಷದ್ದಾದಾಗಿನಿಂದ "ತಡಿ, ಸಾಲಿಗಿ ಹಾಕ್ತೀನಿ, ಅಕ್ಕೋರು ಕಾಲು ಮುರೀತಾರ" ಎಂದು ಹೇಳುತ್ತ ಬಂದಿರುತ್ತಾರೆ. ಹಟ ಮಾಡಿದರೆ ಅಕ್ಕೋರು, ಮಣ್ಣು ತಿಂದರೆ ಅಕ್ಕೋರು, ತಂಗಿಯನ್ನು ಹೊಡೆದರೆ ಅಕ್ಕೋರು. ಹಿಂದೆ ಗುಮ್ಮನಿಗೆ ಇದ್ದ ಕೆಲಸವನ್ನು ಈಗ ನಮಗೆ ವಹಿಸಿದ್ದಾರೆ. ಎರಡು ವರ್ಷ ಹೀಗೆ ಹೆದರಿಸಿ, ಒಂದು ಬೆಳಿಗ್ಗೆ ಹೊಸ ಅಂಗಿ ಹಾಕಿ ಅದೇ ಗುಮ್ಮನ ಕೈಗೆ ಕೊಟ್ಟು ಹಿಂದಿರುಗಿ ನೋಡದೆ ಹೋಗಿಬಿಡುತ್ತಾರೆ. ಆಮೇಲೆ ಮಗು ಅತ್ತರೆ ಅದಕ್ಕೆ ಹಟಮಾರಿ ಎಂದು ಹೆಸರು. ನನಗೆ ಕೇಳಿದರೆ ಅಂಥ ಹೊತ್ತಿನಲ್ಲಿ ಅಳುವ ಮಗು ಬುದ್ಧಿವಂತ ಮಗು. ಹೇಳಿದ್ದನ್ನು ಅದು ನಂಬಿದೆ, ಅಷ್ಟೇ.

ದುಡ್ಡು ಕೊಟ್ಟು ಕಳಿಸುವ ಶಾಲೆಗಳಲ್ಲಿ ಇದು ಬೇರೆ ರೀತಿ ಇರುತ್ತದೆಂದು ತಿಳಿಯಬೇಡಿ. ಪೇಟೆಯ ಶಾಲೆಯ ಗೇಟಿನಲ್ಲಿ ಕಾವಲುಗಾರ ನಿಂತಿರುತ್ತಾನೆ, ತಾಯಂದಿರು ಒಳಗೆ ಕಾಲಿಡುವಂತಿಲ್ಲ. ಒಳಗಡೆ ಮಗುವಿಗೆ ಗೊತ್ತಿಲ್ಲದ ಭಾಷೆಯಲ್ಲಿ ಅಳಬೇಡ ಎಂದು ಹೇಳುತ್ತಾರೆ. ಮನೆಯ ಮಾತು ಆಡಿದರೆ ಸುಮ್ಮನಿರು ಎಂಬ ಸನ್ನೆ. ಅಲ್ಲಿ ಬಲೂನು ಹೆಚ್ಚಿರಬಹುದು, ಗೋಡೆಯ ಬಣ್ಣ ಚೆನ್ನಾಗಿರಬಹುದು. ಮಗುವಿನ ಎದೆಯಲ್ಲಿ ಅವತ್ತು ನಡೆಯುವುದು ಎರಡೂ ಕಡೆ ಒಂದೇ.

ಇನ್ನು ನಮ್ಮವರ ಮಾತಿಗೆ ಬರುತ್ತೇನೆ. ಶಿಕ್ಷಕರ ಕೋಣೆಯಲ್ಲಿ ಮೂವತ್ತೊಂದು ವರ್ಷವೂ ನಾನು ಕೇಳಿದ ಮಾತು: "ಮೊದಲ್ನೇ ದಿನ ಏನ್ ಪಾಠ ಬಿಡ್ರಿ ಅಕ್ಕೋರ, ಕಸ ಹೊಡಸಿ ಕಳಸೂದು." ಹಿರಿಯರಾದ ಒಬ್ಬ ಗುರುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯೋಜನೆ ಎನ್ನುವುದು ಹೊಸಬರಿಗೆ, ಅನುಭವಿಗಳಿಗೆ ಮಕ್ಕಳ ಮುಖ ನೋಡಿದರೆ ಸಾಕು, ಎಲ್ಲಾ ತಾನಾಗಿ ಹೊಳೆಯುತ್ತದೆ ಎನ್ನುತ್ತಿದ್ದರು. ಈ ಮಾತಿಗೆ ಒಂದು ಗಾಂಭೀರ್ಯ ಇರುವುದರಿಂದ ಇದನ್ನು ಒಪ್ಪುವವರು ಬಹಳ. ಆದರೆ ಹೊಳೆಯುವುದು ಎಂದರೇನು? ಅಡುಗೆಯಲ್ಲಿ ನುರಿತವಳಿಗೆ ಅತಿಥಿಗಳು ಬಂದಾಗ ಏನಾದರೂ ಹೊಳೆಯುವುದು, ಡಬ್ಬಿಯಲ್ಲಿ ಬೇಳೆ, ರವೆ, ಎಣ್ಣೆ ಮೊದಲೇ ತಂದಿಟ್ಟಿದ್ದರೆ ಮಾತ್ರ. ಬರಿದಾದ ಅಡುಗೆಮನೆಯಲ್ಲಿ ಯಾವ ಅನುಭವಕ್ಕೂ ಏನೂ ಹೊಳೆಯುವುದಿಲ್ಲ. ಯೋಜನೆ ಎಂದರೆ ಡಬ್ಬಿ ತುಂಬಿಡುವ ಕೆಲಸ.

1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ' ಓದಿದವರಿಗೆ ಅದರ ಆರಂಭ ನೆನಪಿರಬಹುದು. ಆ ಕಥೆಯ ಮಾಸ್ತರ ನಾಲ್ಕನೆಯ ತರಗತಿಯೊಂದನ್ನು ಕೈಗೆ ತೆಗೆದುಕೊಂಡು, ಮೊದಲ ದಿನ ಮಕ್ಕಳಿಂದ ಮೌನದ ಆಟ ಆಡಿಸಬೇಕೆಂದು ಹೋಗುತ್ತಾನೆ. ಮಕ್ಕಳು ಗದ್ದಲವೆಬ್ಬಿಸುತ್ತಾರೆ, ಆಟ ಕೆಡುತ್ತದೆ. ಅವನು ಅವರನ್ನು ಅಂದಿಗೆ ಮನೆಗೆ ಕಳಿಸಿ, ರಾತ್ರಿ ಕೂತು ಮತ್ತೆ ಯೋಚಿಸಿ, ಮರುದಿನ ಕಥೆ ಹೇಳಲು ಆರಂಭಿಸುತ್ತಾನೆ. ಯೋಜನೆ ಬೇಡವೆನ್ನುವವರು ಈ ಪ್ರಸಂಗವನ್ನು ತಮ್ಮ ಪರವಾಗಿ ಹೇಳಿಕೊಳ್ಳುತ್ತಾರೆ. ನನಗೆ ಅದು ತದ್ವಿರುದ್ಧವಾಗಿ ಕಾಣುತ್ತದೆ. ಯೋಜನೆ ಇದ್ದುದರಿಂದಲೇ ಅದು ಎಲ್ಲಿ ಮುರಿಯಿತೆಂದು ಅವನಿಗೆ ತಿಳಿಯಿತು, ಮರುದಿನ ಬದಲಿಸಲು ಏನಾದರೂ ಕೈಯಲ್ಲಿತ್ತು. ಏನೂ ಇಲ್ಲದೆ ಹೋದವನಿಗೆ ದಿನ ಕೆಟ್ಟದ್ದೂ ಗೊತ್ತಾಗುವುದಿಲ್ಲ. ಮಕ್ಕಳೇ ಸರಿಯಿಲ್ಲ ಎಂದು ಹೇಳಿ ಚಹಾ ಕುಡಿಯುತ್ತಾನೆ.

ಹಾಗಾದರೆ ನಾನು ಹೇಳುವ ಯೋಜನೆ ಯಾವುದು? ನಮೂನೆಯಲ್ಲಿ ಬರೆದು ಸಹಿ ಹಾಕಿಸುವ ಪಾಠಯೋಜನೆಯ ಮಾತು ಇದಲ್ಲ. ನನ್ನದು ಒಂದು ಪುಟ ಇರುತ್ತಿತ್ತು, ಹಳೆಯ ಕ್ಯಾಲೆಂಡರಿನ ಹಿಂಬದಿ. ಅದರಲ್ಲಿ ಏನಿರುತ್ತಿತ್ತೆಂದು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು.

ಮೊದಲನೆಯದು ಹೆಸರು. ದಾಖಲೆಯಲ್ಲಿ ಮಗುವಿನ ಹೆಸರು ವಿಜಯಲಕ್ಷ್ಮಿ ಎಂದಿರುತ್ತದೆ. ಮನೆಯಲ್ಲಿ ಹುಟ್ಟಿದಾಗಿನಿಂದ ಅದನ್ನು ಚಿನ್ನವ್ವ ಎಂದೇ ಕರೆದಿರುತ್ತಾರೆ. ಮೊದಲ ದಿನ ಹಾಜರಿ ಕರೆದಾಗ ವಿಜಯಲಕ್ಷ್ಮಿ ಯಾರೆಂದು ಚಿನ್ನವ್ವನಿಗೆ ಗೊತ್ತಿರುವುದಿಲ್ಲ. ಉತ್ತರ ಬಾರದಿದ್ದರೆ ನಾವು ಗೈರುಹಾಜರಿ ಹಾಕುತ್ತೇವೆ, ಇಲ್ಲವೇ ಮೊದ್ದು ಎನ್ನುತ್ತೇವೆ. ಆದ್ದರಿಂದ ಮೇ ತಿಂಗಳ ಕೊನೆಯಲ್ಲಿ ದಾಖಲಾತಿಗೆಂದು ಮನೆಮನೆಗೆ ಹೋಗುವಾಗಲೇ ಕರೆಯುವ ಹೆಸರನ್ನು ಬರೆದುಕೊಳ್ಳಬೇಕು. ಗೇಟಿನಲ್ಲಿ "ಬಾರವಾ ಚಿನ್ನವ್ವ" ಎಂದರೆ ಅರ್ಧ ಅಳು ಅಲ್ಲಿಯೇ ನಿಲ್ಲುತ್ತದೆ. ದಾಖಲೆಯ ಹೆಸರನ್ನು ನಿಧಾನವಾಗಿ, ಒಂದು ಒಡವೆ ತೋರಿಸುವಂತೆ, ಆ ವಾರದಲ್ಲಿ ತೋರಿಸಿದರಾಯಿತು.

ಎರಡನೆಯದು ಮಾತು. ನಮ್ಮ ಕಡೆ ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳಿದ್ದಾರೆ, ಮನೆಯಲ್ಲಿ ಉರ್ದು ಆಡುವ ಮಕ್ಕಳಿದ್ದಾರೆ. ನೀರಿಗೆ ಪಾಣಿ, ರೊಟ್ಟಿಗೆ ಬಾಟಿ, ಅವ್ವನಿಗೆ ಯಾಡಿ ಎನ್ನುವುದನ್ನು ಕಲಿಯಲು ಶಿಕ್ಷಕಿಗೆ ಒಂದು ಗಳಿಗೆ ಸಾಕು. ಆ ಮೂರು ಮಾತು ಬಾರದ ಶಿಕ್ಷಕಿಯ ಮುಂದೆ ತಾಂಡಾದ ಮಗು ಇಡೀ ದಿನ ಬಾಯಾರಿ ಕೂಡುತ್ತದೆ. ಕನ್ನಡ ಉಳಿಯಬೇಕೆಂದು ನವೆಂಬರಿನಲ್ಲಿ ಭಾಷಣ ಮಾಡುವವರಿಗೆ ನಾನು ಹೇಳುವುದು, ಆ ಮಗುವಿಗೆ ಮೊದಲ ದಿನ ಅದರ ಮಾತಿನಲ್ಲೇ ನೀರು ಕೊಡಿ. ಎರಡನೆಯ ದಿನದಿಂದ ಅದು ತಾನಾಗಿ ಕನ್ನಡದ ಹತ್ತಿರ ಬರುತ್ತದೆ.

ಮೂರನೆಯದು ನೀರು ಮತ್ತು ಶೌಚಾಲಯ. ಶಾಲೆಗೆ ಬಂದ ಅರ್ಧ ಗಂಟೆಯೊಳಗೆ ಪ್ರತಿ ಹೊಸ ಮಗುವೂ ಎರಡನ್ನೂ ಕಣ್ಣಾರೆ ನೋಡಿರಬೇಕು, ಚಿಲಕ ಹಾಕಿ ತೆಗೆದಿರಬೇಕು, ನಲ್ಲಿ ತಿರುಗಿಸಿರಬೇಕು. ಕೇಳಿ ಹೋಗಬೇಕು ಎಂಬ ನಿಯಮ ಅವತ್ತು ಬೇಡ. ಇದು ಸಣ್ಣ ವಿಷಯ ಎನ್ನುವವರಿಗೆ ಮೇಲೆ ಹೇಳಿದ ಗುಲಾಬಿಯ ಹುಡುಗಿಯನ್ನು ನೆನಪಿಸುತ್ತೇನೆ.

ನಾಲ್ಕನೆಯದು ಕೈಗೆ ಕೆಲಸ. ಮಗುವಿನ ಕೈ ಖಾಲಿ ಇದ್ದರೆ ಅದಕ್ಕೆ ಮನೆ ನೆನಪಾಗುತ್ತದೆ. ಒಂದು ಡಬ್ಬಿ ಹುಣಸೆ ಬೀಜ, ಒದ್ದೆ ಮಣ್ಣು, ಸೀಮೆಸುಣ್ಣ, ಇಷ್ಟಿದ್ದರೆ ಸಾಕು. ಅಕ್ಷರ ಅವತ್ತು ಬೇಡ. ಸಂಜೆ ಪಾಲಕರು "ಏನ್ ಬರಸಿದ್ರಿ?" ಎಂದು ಕೇಳಿಯೇ ಕೇಳುತ್ತಾರೆ. ಪಾಟಿಯ ತುಂಬ ಅ ಆ ಇ ಈ ನೋಡಿದರೆ ಅವರಿಗೆ ಸಮಾಧಾನ. ಅವರ ಸಮಾಧಾನಕ್ಕಾಗಿ ಮಗುವಿನ ಕೈ ಹಿಡಿದು ಒತ್ತಿ ತಿದ್ದಿಸುವ ಶಿಕ್ಷಕಿ ಅಕ್ಷರಕ್ಕೂ ಮಗುವಿಗೂ ಮೊದಲ ದಿನವೇ ಜಗಳ ಹಚ್ಚಿಕೊಡುತ್ತಾಳೆ. ಎನ್‌ಸಿಇಆರ್‌ಟಿ 2021ರಲ್ಲಿ ರೂಪಿಸಿದ ವಿದ್ಯಾಪ್ರವೇಶ ಕೂಡ ಒಂದನೆಯ ತರಗತಿಯ ಮೊದಲ ಮೂರು ತಿಂಗಳು ಆಟದ ಮೂಲಕ ಸಿದ್ಧತೆ ನಡೆಯಬೇಕೆನ್ನುತ್ತದೆ. ಕಾಗದದ ಮೇಲೆ ಮೂರು ತಿಂಗಳ ಆಟವನ್ನು ಒಪ್ಪಿಕೊಂಡಿರುವ ವ್ಯವಸ್ಥೆಗೆ ಒಂದು ಮೊದಲ ದಿನವನ್ನು ಆಟಕ್ಕೆ ಬಿಟ್ಟುಕೊಡುವುದು ಏಕೆ ಕಷ್ಟವಾಗುತ್ತದೆ?

ಐದನೆಯದು ಸಂಜೆ. ದಿನ ಹೇಗೆ ಆರಂಭವಾಗಬೇಕೆಂದು ಎಲ್ಲರೂ ಯೋಚಿಸುತ್ತಾರೆ, ಹೇಗೆ ಮುಗಿಯಬೇಕೆಂದು ಯಾರೂ ಯೋಚಿಸುವುದಿಲ್ಲ. ಗಂಟೆ ಹೊಡೆದ ಕೂಡಲೇ ಮಕ್ಕಳು ಚೆಲ್ಲಾಪಿಲ್ಲಿಯಾಗಿ ಓಡುತ್ತಾರೆ. ಕೊನೆಯ ಕಾಲು ಗಂಟೆ ನಾನು ಪ್ರತಿ ಹೊಸ ಮಗುವಿಗೂ ನಾಳಿನ ಒಂದು ಕೆಲಸ ಹೇಳುತ್ತಿದ್ದೆ. "ನಾಳಿಗಿ ಗಂಟಿ ಬಾರಸೋದು ನಿನ್ನ ಪಾಳಿ ನೋಡಪಾ." "ದಾಸವಾಳದ ಗಿಡಕ್ಕ ನೀರು ಹಾಕಾಕ ನೀನ ಬರಬೇಕ ನೋಡವಾ." ಆರು ವರ್ಷದವರಿಗೂ ಮಾತು ಉಳಿಸಿಕೊಳ್ಳುವ ಹೆಮ್ಮೆ ಇರುತ್ತದೆ. ನಾನು ಇಲ್ಲದಿದ್ದರೆ ಗಂಟೆ ಬಾರಿಸುವವರು ಯಾರು ಎಂಬ ಚಿಂತೆಯಲ್ಲಿ ಮಗು ಮನೆಗೆ ಹೋಗಬೇಕು. ಯಾವ ಗುಲಾಬಿಯೂ ಯಾವ ಸಿಹಿಯೂ ಆ ಚಿಂತೆಯಷ್ಟು ಗಟ್ಟಿಯಾಗಿ ಅದನ್ನು ಮರುದಿನ ಎಳೆದು ತರುವುದಿಲ್ಲ.

ಇದೆಲ್ಲ ಪುಸ್ತಕದ ಮಾತು, ಒಬ್ಬ ಶಿಕ್ಷಕಿಗೆ ಇಷ್ಟು ಮಕ್ಕಳನ್ನು ಹೀಗೆ ನೋಡಿಕೊಳ್ಳಲು ಹೇಗೆ ಸಾಧ್ಯ ಎನ್ನುವವರಿದ್ದಾರೆ. ಒಪ್ಪತಕ್ಕ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಹುಟ್ಟಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ರಿಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು ತಮ್ಮ ಕೈಯಾರೆ ನಲಿ-ಕಲಿಯನ್ನು ಕಟ್ಟಿದರು. ಅಲ್ಲಿ ಅಕ್ಷರ ಅ ಆ ಎಂದು ಆರಂಭವಾಗದೆ ರ, ಗ, ಸ, ದ, ಅ ಎಂದು ಆರಂಭವಾಗುತ್ತದೆ. ಮಗುವಿಗೆ ಕೆಲವೇ ದಿನಗಳಲ್ಲಿ ಸರ, ಅರಸ, ಗರಗಸ ಓದಲು ಬರುತ್ತದೆ. ಗೋಡೆಯ ಕೆಳಗೆ ಮಕ್ಕಳ ಎತ್ತರಕ್ಕೆ ಕಪ್ಪುಹಲಗೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆ ಬೇರೆ ತರಗತಿಯ ಸಣ್ಣ ಮಕ್ಕಳು ಒಂದೇ ಕೋಣೆಯಲ್ಲಿ. 2009-10ರಿಂದ ಇದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ತರಗತಿಗಳನ್ನು ಕೂಡಿಸುವುದನ್ನು ಬಹಳ ಜನ ಟೀಕಿಸಿದರು, ಕೆಲವು ಟೀಕೆ ನಿಜವೂ ಹೌದು. ಆದರೆ ಮೊದಲ ದಿನದ ಮಟ್ಟಿಗೆ ಅದು ವರ. ಕೋಣೆಗೆ ಬರುವ ಹೊಸ ಮಗುವಿನ ಸುತ್ತ ಆ ಕೋಣೆಯನ್ನು ಬಲ್ಲ ಹಳೆಯ ಮಕ್ಕಳಿರುತ್ತಾರೆ. ಒಬ್ಬ ಹೊಸಬನನ್ನು ಮೂರನೆಯ ತರಗತಿಯ ಒಬ್ಬರ ಕೈಗೆ ಕೊಟ್ಟರೆ ನಲ್ಲಿ, ಶೌಚಾಲಯ, ತಟ್ಟೆ ತೊಳೆಯುವ ಜಾಗ ಎಲ್ಲವನ್ನೂ ಅವರೇ ತೋರಿಸುತ್ತಾರೆ. ಹಿಂದಿನ ವರ್ಷ ಅತ್ತವರೇ ಈ ವರ್ಷ ಅಳುವವರನ್ನು ಸಂತೈಸುತ್ತಾರೆ. ಇದಕ್ಕೆ ದುಡ್ಡು ಬೇಡ. ಆದರೆ ಹಳೆಯ ಮಕ್ಕಳು ಅವತ್ತು ಸ್ವಾಗತ ಗೀತೆ ಹಾಡಲು ಅಂಗಳದಲ್ಲಿ ನಿಂತಿದ್ದರೆ ಇದು ಆಗುವುದಿಲ್ಲ.

ಮೊದಲ ದಿನದ ಬೆಲೆ ಏನೆಂದು ಇಡೀ ನಾಡಿಗೆ ಗೊತ್ತಾಗಬೇಕಿದ್ದ ಒಂದು ಸಂದರ್ಭ ಬಂದು ಹೋಯಿತು. ಕೊರೋನಾದಿಂದಾಗಿ 2020ರ ಜೂನಿನಲ್ಲಿ ಶಾಲೆ ತೆರೆಯಲಿಲ್ಲ. ವಿದ್ಯಾಗಮ ಎಂದು ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಕೆಲಕಾಲ ಪಾಠ ನಡೆದು ಅದೂ ನಿಂತಿತು. ಒಂದರಿಂದ ಐದನೆಯ ತರಗತಿಯವರಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಅವತ್ತು ನನ್ನ ಮುಂದೆ ಕೂತ ಎರಡನೆಯ ತರಗತಿಯ ಮಕ್ಕಳು ಶಾಲೆಯ ಕೋಣೆಯಲ್ಲಿ ಒಂದು ದಿನವೂ ಕೂತವರಾಗಿರಲಿಲ್ಲ. ಪುಸ್ತಕದ ಪ್ರಕಾರ ಅವರು ಎರಡನೆಯವರು, ಕಾಲು ಇಟ್ಟ ಪ್ರಕಾರ ಮೊದಲನೆಯವರು. ಏಳು ದಾಟಿದ ಹುಡುಗರು ಮುಖಗವಸಿನ ಮೇಲಿನಿಂದ ಬಾಗಿಲನ್ನೇ ನೋಡುತ್ತಿದ್ದರು. ಅಂದು ನನ್ನ ನೆರವಿಗೆ ಬಂದದ್ದು ಆ ಹಳೆಯ ಕ್ಯಾಲೆಂಡರಿನ ಪುಟವೇ: ಹೆಸರು, ನೀರು, ಹುಣಸೆ ಬೀಜ, ನಾಳಿನ ಪಾಳಿ. ಬಹಳ ಕಡೆ ಅವತ್ತೂ ತೋರಣ ಕಟ್ಟಿದರು, ಹೂ ಎರಚಿದರು. ಆಮೇಲೆ ಎಲ್ಲರೂ ಮಕ್ಕಳು ಕಳೆದುಕೊಂಡ ಅಕ್ಷರ, ಲೆಕ್ಕದ ಬಗ್ಗೆ ಮಾತಾಡಿದರು. ಅವರು ಕಳೆದುಕೊಂಡ ಮೊದಲ ದಿನದ ಬಗ್ಗೆ ಯಾರೂ ಮಾತಾಡಲಿಲ್ಲ.

ದೂರದ ಜಪಾನಿನ ಒಂದು ಮಾತು ಹೇಳುತ್ತೇನೆ. ತೆತ್ಸುಕೊ ಕುರೊಯಾನಗಿಯವರು 1981ರಲ್ಲಿ ಬರೆದ 'ತೊತ್ತೋಚಾನ್' ಕನ್ನಡದಲ್ಲೂ ಬಹಳ ಜನ ಓದಿದ ಪುಸ್ತಕ. ಇನ್ನೊಂದು ಶಾಲೆಯಿಂದ ಹೊರಹಾಕಲ್ಪಟ್ಟ ಪುಟ್ಟ ಹುಡುಗಿ ಟೋಕಿಯೊದ ತೊಮೊಯೆ ಶಾಲೆಗೆ ಬಂದಾಗ ಮುಖ್ಯೋಪಾಧ್ಯಾಯ ಕೊಬಾಯಾಶಿ ಅವರು ತಾಯಿಯನ್ನು ಕಳಿಸಿ, ನಿನಗೆ ಹೇಳಬೇಕೆನಿಸಿದ್ದನ್ನೆಲ್ಲ ಹೇಳು ಎಂದು ಕೂತು, ಸುಮಾರು ನಾಲ್ಕು ತಾಸು ಅವಳ ಮಾತು ಕೇಳಿದರಂತೆ. ನಮ್ಮ ಸಭೆಗಳಲ್ಲಿ ಈ ಪ್ರಸಂಗವನ್ನು ಉದ್ಧರಿಸದ ಸಂಪನ್ಮೂಲ ವ್ಯಕ್ತಿಯೇ ಇಲ್ಲ. ಉದ್ಧರಿಸಿದ ಅವರೇ ಜೂನ್ ಬಂದಾಗ, ಉತ್ಸವದ ಫೋಟೋ ಹನ್ನೊಂದರೊಳಗೆ ವಾಟ್ಸಾಪ್ ಗುಂಪಿಗೆ ಹಾಕಿ ಎಂದು ಫೋನು ಮಾಡುತ್ತಾರೆ. ಫೋಟೋ ತೆಗೆಯುವವಳು ಮಗುವಿನ ಮಾತು ಕೇಳುವುದು ಯಾವಾಗ?

ನನ್ನ ವಾದಕ್ಕೆ ಬರುವ ದೊಡ್ಡ ಆಕ್ಷೇಪ ನನಗೆ ಗೊತ್ತಿದೆ. ಶಿಕ್ಷಕರನ್ನು ಅವರಷ್ಟಕ್ಕೆ ಬಿಟ್ಟರೆ ಏನೂ ಮಾಡುವುದಿಲ್ಲ, ಮೇಲಿನವರು ಬರುತ್ತಾರೆಂಬ ಭಯದಿಂದಲಾದರೂ ಶಾಲೆ ಅವತ್ತು ತೆರೆಯುತ್ತದೆ ಎನ್ನುತ್ತಾರೆ. ಅಂಥ ಶಿಕ್ಷಕರು ಇಲ್ಲವೆಂದು ನಾನು ಹೇಳಲಾರೆ. ಆದರೆ ಅವರಿಗೆ ಉತ್ಸವದಷ್ಟು ಅನುಕೂಲ ಬೇರೆ ಯಾವುದೂ ಇಲ್ಲ. ತೋರಣ ಕಟ್ಟಿ, ಭಾಷಣ ಮುಗಿಸಿ, ಸಿಹಿ ಹಂಚಿದರೆ ದಿನ ತೀರಿತು. ಕೋಣೆಯಲ್ಲಿ ಏನಾಯಿತೆಂದು ಯಾರೂ ಕೇಳುವುದಿಲ್ಲ. ಮೈಗಳ್ಳನನ್ನು ಹಿಡಿಯಲು ಒಡ್ಡಿದ ಬಲೆಯಲ್ಲಿ ಮೈಗಳ್ಳನೇ ಜೋಕಾಲಿ ಆಡುತ್ತಿದ್ದಾನೆ. ಕೆಲಸ ಮಾಡಬೇಕೆನ್ನುವವಳು ಮಾತ್ರ ಮೈಕಿನ ಹತ್ತಿರ ಸಿಕ್ಕಿಬಿದ್ದಿದ್ದಾಳೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಉತ್ಸವ ಬೇಕಾದರೆ ಶಾಲೆ ಆರಂಭವಾಗಿ ಒಂದು ತಿಂಗಳಾದ ಮೇಲೆ ಮಾಡಿ. ಆ ಹೊತ್ತಿಗೆ ಹೊಸ ಮಕ್ಕಳೇ ಹಾಡು ಹಾಡಿ ಅತಿಥಿಗಳನ್ನು ಸ್ವಾಗತಿಸುತ್ತಾರೆ, ಯಾರೂ ಹೆದರುವುದಿಲ್ಲ. ಮೊದಲ ವಾರ ಯಾವ ದಾಖಲೆಯನ್ನೂ ಮಗುವಿನ ಎದುರು ಕೇಳಬೇಡಿ. ಒಂದನೆಯ ತರಗತಿಗೆ ಅವತ್ತು ಶಿಕ್ಷಕಿ ಇದ್ದೇ ಇರಬೇಕು. ನನ್ನ ಸೇವೆಯ ಎಷ್ಟೋ ವರ್ಷ ಖಾಲಿ ಹುದ್ದೆಯ ಅತಿಥಿ ಶಿಕ್ಷಕರು ಬಂದದ್ದು ಶಾಲೆ ಶುರುವಾಗಿ ವಾರಗಳಾದ ಮೇಲೆ. ಬಾಳೆಕಂಬಕ್ಕೆ ತಡವಾಗದ ವ್ಯವಸ್ಥೆಯಲ್ಲಿ ಶಿಕ್ಷಕರಿಗೆ ಮಾತ್ರ ತಡವಾಗುವುದೇಕೆ? ತಾಯಿ ಬೇಕೆಂದರೆ ಮಧ್ಯಾಹ್ನದ ಊಟದ ತನಕ ಕೋಣೆಯಲ್ಲೇ ಕೂಡಲಿ. ಮಕ್ಕಳ ಕಲಿಕೆ ಭಯ, ಆಘಾತ, ಆತಂಕಗಳಿಂದ ಮುಕ್ತವಾಗಿರಬೇಕೆಂದು ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಕಲಮು ಹೇಳುತ್ತದೆ. ಅದನ್ನು ಗೋಡೆಯ ಮೇಲೆ ಬರೆಸಿದ್ದೇವೆ. ಮೊದಲ ದಿನ ನಡೆಸಿಯೂ ತೋರಿಸೋಣ.

ಅಧಿಕಾರಿಗಳಿಗೆ ಲೆಕ್ಕ ಬೇಕೇ ಬೇಕು ಎಂದಾದರೆ ಒಂದು ಲೆಕ್ಕವನ್ನು ನಾನೇ ಸೂಚಿಸುತ್ತೇನೆ. ಎಷ್ಟು ಮಕ್ಕಳಿಗೆ ಗುಲಾಬಿ ಕೊಟ್ಟಿರಿ, ಎಷ್ಟು ಜನ ಅತಿಥಿಗಳು ಬಂದರು, ಎಷ್ಟು ಫೋಟೋ ಕಳಿಸಿದಿರಿ ಎಂದು ಕೇಳುವುದನ್ನು ಬಿಡಲಿ. ಮೊದಲ ದಿನ ಬಂದ ಹೊಸ ಮಕ್ಕಳಲ್ಲಿ ಎರಡನೆಯ ದಿನ ಯಾರೂ ಎಳೆದು ತಾರದೆ ತಾವಾಗಿ ನಡೆದು ಬಂದವರು ಎಷ್ಟು ಎಂದು ಕೇಳಲಿ. ಈ ಒಂದು ಸಂಖ್ಯೆಯನ್ನು ಯಾವ ತೋರಣದ ಹಿಂದೆಯೂ ಮುಚ್ಚಿಡಲು ಬರುವುದಿಲ್ಲ.